ಬಾಗಿಲ ಚೌಕಟ್ಟಿನಿಂದ ಮಕಿವಾರ: ಬೆಳಗಾವಿಯಲ್ಲಿ ಬಿಳಿ ಪಟ್ಟಿಯಿಂದ ಶೋದಾನ್‌ವರೆಗೆ

ಕಳೆದ ವಾರ ಜಪಾನಿನ ಓಕಿನಾವಾ ದ್ವೀಪದಿಂದ ಕರಾಟೆಯ ಶೋದಾನ್, ಅಂದರೆ ಮೊದಲ ಹಂತದ ಬ್ಲ್ಯಾಕ್ ಬೆಲ್ಟ್ ಪ್ರಮಾಣಪತ್ರ ಕೈಗೆ ಬಂತು. ಪರೀಕ್ಷೆ ಮುಗಿದು ಆಗಲೇ ಏಳು ತಿಂಗಳಾಗಿತ್ತು. ಬಿಳಿ ಪಟ್ಟಿ ಕಟ್ಟಿಕೊಂಡ ದಿನದಿಂದ ಪರೀಕ್ಷೆಯ ದಿನದವರೆಗೆ ಐದು ವರ್ಷ ಎರಡು ತಿಂಗಳು. ಈ ಅವಧಿಯಲ್ಲಿ ಬೆವರು ಸುರಿಸಿದ ದಿನಗಳು ಹೇಗೋ ಕಳೆದವು. ಏನು ಮಾಡಬೇಕು, ಯಾರನ್ನು ಕೇಳಬೇಕು ಅಂತ ತಿಳಿಯದೆ ಸುಮ್ಮನೆ ಕಾದ ದಿನಗಳು ಮಾತ್ರ ಭಾರವಾಗಿದ್ದವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಈಗ ಗೋಜು ರ್ಯು ಎಂಬ ಕರಾಟೆ ಶೈಲಿ ಕಲಿಯಲು ಹೊರಟವರು, ಅದರಲ್ಲೂ ಹಳೆಯ ಕಾಲದ ಸಲಕರಣೆಗಳ ಜೊತೆ ಕಲಿಯಬೇಕೆನ್ನುವವರು, ಅದೇ ಗೊಂದಲಕ್ಕೆ ಬೀಳಬಾರದು ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಡೋಜೋ, ಅಂದರೆ ಕರಾಟೆ ಕಲಿಸುವ ಜಾಗ, ಹುಡುಕುವ ವಿಚಾರ. ನಮ್ಮ ಊರಲ್ಲಿ ಕರಾಟೆ ಕ್ಲಾಸುಗಳಿಗೆ ಕೊರತೆಯಿಲ್ಲ. ಶಾಲೆಯ ಸಭಾಂಗಣ, ಸಮುದಾಯ ಭವನ, ಮನೆಯ ಟೆರೇಸು, ಎಲ್ಲೆಡೆ ನಡೆಯುತ್ತವೆ. ಆದರೆ ಎಲ್ಲ ಕಡೆ ಕಲಿಸುವುದು ಒಂದೇ ಅಲ್ಲ. ಶೋಟೊಕಾನ್, ಶಿಟೊ ರ್ಯು, ಗೋಜು ರ್ಯು, ವಾಡೊ ರ್ಯು, ಹೀಗೆ ಶೈಲಿಗಳು ಬೇರೆ ಬೇರೆ. ಕೆಲವು ಕಡೆ ಸ್ಪರ್ಧೆಯ ಕುಮಿಟೆಯೇ (ಎದುರಾಳಿಯ ಜೊತೆ ಸೆಣಸಾಟ) ಮುಖ್ಯ, ಕೆಲವು ಕಡೆ ಕಟಾ (ಗೊತ್ತುಪಡಿಸಿದ ಚಲನೆಗಳ ಸರಣಿ). ದುಡ್ಡು ಕಟ್ಟುವ ಮೊದಲು ನಾಲ್ಕು ಮಾತು ನೇರವಾಗಿ ಕೇಳಿ: ಯಾವ ಶೈಲಿ? ಬ್ಲ್ಯಾಕ್ ಬೆಲ್ಟ್ ಪ್ರಮಾಣಪತ್ರ ಯಾರ ಸಹಿಯಲ್ಲಿ ಬರುತ್ತದೆ? ವರ್ಷಕ್ಕೆ ಎಷ್ಟು ಪರೀಕ್ಷೆ, ಒಂದೊಂದಕ್ಕೆ ಎಷ್ಟು ಶುಲ್ಕ? ಮಕಿವಾರ, ಅಂದರೆ ಮುಷ್ಟಿಯಿಂದ ಹೊಡೆದು ಅಭ್ಯಾಸ ಮಾಡುವ ಕಂಬ, ಇದೆಯೇ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಅಲ್ಲಿಯ ಅಭ್ಯಾಸ ಎಂಥದ್ದು ಅಂತ ಅರ್ಧ ತಿಳಿಯುತ್ತದೆ. ನಾನು ಮೊದಲು ಹೋದ ಒಂದು ಕಡೆ ಒಂದೂವರೆ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಕೊಡಿಸುತ್ತೇವೆ ಅಂದರು. ಅಲ್ಲಿ ಸೇರಲಿಲ್ಲ. ವಾರಕ್ಕೆ ಮೂರು ದಿನ ಬರುವ ವಯಸ್ಕರಿಗೆ ನಾಲ್ಕರಿಂದ ಐದು ವರ್ಷ ಹಿಡಿಯುವುದು ಸಹಜ.

ಗೋಜು ರ್ಯು ಓಕಿನಾವಾದ ನಾಹಾ ಊರಿನದು. ಕಾನ್ರ್ಯೋ ಹಿಗಾವೊನ್ನಾ ಚೀನಾದ ಫೂಜೋದಲ್ಲಿ ಕಲಿತು ಬಂದು ನಾಹಾದಲ್ಲಿ ಕಲಿಸಿದರು. ಅವರ ಶಿಷ್ಯ ಚೋಜುನ್ ಮಿಯಾಗಿ 1933ರಲ್ಲಿ ಜಪಾನಿನ ಬುತೊಕುಕೈ ಎಂಬ ಸಮರಕಲೆಗಳ ಸಂಸ್ಥೆಯಲ್ಲಿ ಗೋಜು ರ್ಯು ಎಂಬ ಹೆಸರಿನಲ್ಲಿ ಇದನ್ನು ನೋಂದಾಯಿಸಿದರು. ಗೋ ಅಂದರೆ ಗಟ್ಟಿ, ಜು ಅಂದರೆ ಮೃದು. ಈ ಶೈಲಿಯಲ್ಲಿ ಮೈ ಕಟ್ಟುವ ಪೂರಕ ಅಭ್ಯಾಸಕ್ಕೆ ದೊಡ್ಡ ಸ್ಥಾನವಿದೆ. ಅದಕ್ಕೆ ಹೋಜೋ ಉಂಡೋ ಎನ್ನುತ್ತಾರೆ. ಗಿಡ ನೆಟ್ಟಗೆ ಬೆಳೆಯಲು ಊರುಗೋಲು ಕಟ್ಟುತ್ತೇವಲ್ಲ, ಹಾಗೆ ಇದು ಕಟಾಗೆ ಊರುಗೋಲು.

ಮೊದಲ ಆರು ತಿಂಗಳು ನಿಲ್ಲುವುದು, ನಡೆಯುವುದು, ಉಸಿರಾಡುವುದು, ಇಷ್ಟೇ. ಸಾಂಚಿನ್ ದಾಚಿ ಎಂಬ ನಿಲುವಿನಲ್ಲಿ ಎರಡೂ ಪಾದ ಭುಜದಷ್ಟು ಅಗಲ. ಮುಂದಿನ ಪಾದದ ಹಿಮ್ಮಡಿ ಮತ್ತು ಹಿಂದಿನ ಪಾದದ ಹೆಬ್ಬೆರಳು ಒಂದೇ ಗೆರೆಯಲ್ಲಿರಬೇಕು. ಬೆರಳುಗಳು ಕೊಂಚ ಒಳಮುಖ, ಮೊಣಕಾಲು ಸ್ವಲ್ಪ ಬಾಗಿ ಒಳಕ್ಕೆ ಬಿಗಿ, ಸೊಂಟ ಒಳಕ್ಕೆ ಎಳೆದಿರಬೇಕು. ಮೊಣಕೈ ಮತ್ತು ಪಕ್ಕೆಲುಬಿನ ನಡುವೆ ಒಂದು ಮುಷ್ಟಿಯಷ್ಟು ಜಾಗ. ನೋಡುವವರಿಗೆ ಇದು ಸುಮ್ಮನೆ ನಿಂತ ಹಾಗೆ ಕಾಣುತ್ತದೆ. ಎರಡು ನಿಮಿಷಕ್ಕೆ ತೊಡೆ ನಡುಗುತ್ತದೆ.

ಇಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಉಸಿರು ಕಟ್ಟುವುದು. ಮೈ ಬಿಗಿ ಮಾಡು ಎಂದ ಕೂಡಲೇ ಗಂಟಲು ಮುಚ್ಚಿಕೊಳ್ಳುತ್ತದೆ, ಮುಖ ಕೆಂಪೇರುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಆಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಮೂಗಿನಿಂದ ಒಳಗೆ, ಬಾಯಿಂದ ಹೊರಗೆ, ಗಂಟಲು ಸದಾ ತೆರೆದೇ ಇರಬೇಕು. ಬಿಗಿಯೆಲ್ಲ ಕೆಳಹೊಟ್ಟೆಯಲ್ಲಿ. ಬಿಪಿ ಇರುವವರು, ಹರ್ನಿಯಾ ಶಸ್ತ್ರಚಿಕಿತ್ಸೆ ಆದವರು ಸೆನ್ಸೈಗೆ (ಗುರುವಿಗೆ) ಮೊದಲೇ ಹೇಳಿ, ವೈದ್ಯರನ್ನು ಕೇಳಿಯೇ ಸಾಂಚಿನ್ (ಈ ನಿಲುವು, ಉಸಿರಿನ ಕಟಾ) ಶುರು ಮಾಡಬೇಕು. ಮುಂದೆ ಸೆನ್ಸೈ ಭುಜ, ಬೆನ್ನು, ತೊಡೆಗಳಿಗೆ ಅಂಗೈಯಿಂದ ಬಡಿದು ಪರೀಕ್ಷಿಸುತ್ತಾರೆ. ಅದು ಶಿಮೆ. ಬಡಿತ ಬಿಗಿ ಎಲ್ಲಿ ಸಡಿಲವಾಗಿದೆ ಎಂದು ತೋರಿಸಬೇಕು. ಗಾಯ ಮಾಡುವಂಥ ಬಡಿತ ಶಿಮೆ ಅಲ್ಲ. ಮೊದಲ ಸಲ ಭುಜಕ್ಕೆ ಕೈ ಬಿದ್ದಾಗ ಬೆಚ್ಚಿಬೀಳುವುದು ಸಹಜ. ಆ ಬೆಚ್ಚುವಿಕೆಯಲ್ಲಿ ಉಸಿರು ತಪ್ಪುತ್ತದೆಯೇ ಎಂಬುದನ್ನೇ ಅವರು ನೋಡುತ್ತಿರುತ್ತಾರೆ.

ಬಟ್ಟೆಯ ವಿಷಯ ಚಿಕ್ಕದು. ಗೀ ಹತ್ತಿಯದೇ ಇರಲಿ. ಮೊದಲ ಒಗೆತಕ್ಕೆ ಕುಗ್ಗುತ್ತದೆ, ಆದ್ದರಿಂದ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ. ಬಿಸಿನೀರಲ್ಲಿ ಒಗೆಯಬೇಡಿ. ನನಗೆ ಐದು ವರ್ಷಕ್ಕೆ ಮೂರು ಗೀ ಬೇಕಾದವು.

ಎರಡನೇ ವರ್ಷದಲ್ಲಿ ಸಲಕರಣೆಗಳ ಕೆಲಸ ಶುರುವಾಯಿತು. ಆನ್‌ಲೈನಿನಲ್ಲಿ ಸಿಗುವ ಮಕಿವಾರ ಹೆಸರಿನ ಗೋಡೆಯ ದಿಂಬುಗಳಲ್ಲಿ ಎಷ್ಟೋ ಮಕಿವಾರವೇ ಅಲ್ಲ. ಮಕಿವಾರದ ಜೀವ ಅದರ ಬಳುಕಿನಲ್ಲಿದೆ. ಹೊಡೆದಾಗ ಹಿಂದಕ್ಕೆ ಬಾಗಬೇಕು, ಬಾಗಿದಷ್ಟೂ ಎದುರೊತ್ತು ಹೆಚ್ಚಬೇಕು. ಗೋಡೆಗೆ ಒತ್ತಿ ಕೂತ ದಿಂಬು ಬಾಗುವುದಿಲ್ಲ. ಪೆಟ್ಟೆಲ್ಲ ಮಣಿಕಟ್ಟಿಗೆ, ಮೊಣಕೈಗೆ ವಾಪಸ್ ಬರುತ್ತದೆ.

ಕಟ್ಟಿಗೆ ಹುಡುಕಿಕೊಂಡು ಸಾ ಮಿಲ್‌ಗಳಿಗೆ ಅಲೆದೆ. ಹೊಸ ಸಾಗವಾನಿಯ ಬೆಲೆ ಕೇಳಿ ಎರಡು ವಾರ ಸುಮ್ಮನಾದೆ. ಆಮೇಲೆ ಹೊಳೆದದ್ದು ಹಳೆ ಮನೆಯ ಬಾಗಿಲ ಚೌಕಟ್ಟು. ಕೆಡವಿದ ಮನೆಗಳ ಕಟ್ಟಿಗೆ ಮಾರುವವರಲ್ಲಿ ಏಳು ಅಡಿ ಉದ್ದ, ನಾಲ್ಕು ಇಂಚು ಅಗಲ, ಮೂರು ಇಂಚು ದಪ್ಪದ ನಿಲುವು ಕಟ್ಟಿಗೆ ಸಿಗುತ್ತದೆ. ಮಕಿವಾರಕ್ಕೆ ಬೇಕಾದದ್ದೂ ಹೆಚ್ಚುಕಡಿಮೆ ಅದೇ ಅಳತೆ. ಹತ್ತಾರು ವರ್ಷ ಒಣಗಿದ ಕಟ್ಟಿಗೆ, ಇನ್ನು ಸೊಟ್ಟಗಾಗುವ ಭಯವಿಲ್ಲ. ನನಗೆ 700 ರೂಪಾಯಿಗೆ ಸಿಕ್ಕಿತು. ಕೊಳ್ಳುವಾಗ ಮೂರು ನೋಡಿ. ಎಳೆ ಮೇಲಿಂದ ಕೆಳಗಿನವರೆಗೆ ನೇರವಾಗಿರಬೇಕು. ಮೇಲಿನ ಮೂರು ಅಡಿಯಲ್ಲಿ ಗಂಟು ಇರಬಾರದು. ಕೀಲು, ಚಿಲಕದ ಮೊಳೆ ತೂತುಗಳು ನೆಲದೊಳಗೆ ಹೋಗುವ ತುದಿಯ ಕಡೆ ಬರುವಂತಿರಬೇಕು. ತೂತು ಇದ್ದಲ್ಲೇ ಕಟ್ಟಿಗೆ ಮುರಿಯುತ್ತದೆ.

ಬಡಿಗರ ಹತ್ತಿರ ಹೋದಾಗ ವಿವರಿಸುವುದೇ ಕಷ್ಟವಾಯಿತು. ಎದುರು ಮುಖ ಸಪಾಟಾಗಿಯೇ ಉಳಿಯಬೇಕು. ಹಿಂಬದಿಯನ್ನು ಮಾತ್ರ ನೆಲಮಟ್ಟದಿಂದ ಮೇಲಕ್ಕೆ ಇಳಿಜಾರಾಗಿ ಹೆರೆಯುತ್ತ ಹೋಗಿ, ತುದಿಯಲ್ಲಿ ಮುಕ್ಕಾಲು ಇಂಚಿಗೆ ತರಬೇಕು. ವಯಸ್ಸಾದ ಬಡಿಗರು ಕಟ್ಟಿಗೆ ತಿರುವಿ ತಿರುವಿ ನೋಡಿ, "ಇಷ್ಟ ತೆಳ್ಳಗ ಮಾಡಿದ್ರ ಮುರೀತೈತಿ ತಮ್ಮಾ, ಒಂದ ಇಂಚಾರ ಇರಲಿ" ಅಂದರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಮೊದಲು ಒಂದು ಇಂಚು ಬಿಡಿಸಿ, ನೆಟ್ಟು, ಪರೀಕ್ಷಿಸಿ, ಆಮೇಲೆ ಉಜ್ಜುಗೊರಡಿನಿಂದ ಎರಡು ಕಂತಿನಲ್ಲಿ ಮುಕ್ಕಾಲಕ್ಕೆ ಇಳಿಸಿದೆವು. ಹೆರೆದದ್ದನ್ನು ಮತ್ತೆ ಸೇರಿಸಲಾಗದು, ಹಾಗಾಗಿ ಈ ಕ್ರಮವೇ ಸರಿ. ಪರೀಕ್ಷೆ ಸುಲಭ. ತುದಿಗೆ ಅಂಗೈ ಇಟ್ಟು ಮೈಭಾರ ಹಾಕಿ ಒತ್ತಿದರೆ ಎರಡರಿಂದ ಮೂರು ಇಂಚು ಹಿಂದೆ ಹೋಗಬೇಕು. ಒಂದು ಇಂಚೂ ಕದಲದಿದ್ದರೆ ಇನ್ನೂ ಹೆರೆಯಬೇಕು.

ನೆಡುವುದರಲ್ಲಿ ಬಹಳ ಜನ ಎಡವುತ್ತಾರೆ. ಎರಡೂವರೆ ಅಡಿ ಆಳದ ಗುಂಡಿ ಬೇಕು. ಹೊಡೆದಾಗ ಕಂಬದ ಮೇಲ್ಭಾಗ ಹಿಂದಕ್ಕೆ ಹೋಗುತ್ತದೆ, ಮಣ್ಣಿನೊಳಗಿನ ತಳ ಮುಂದಕ್ಕೆ ಬರಲು ನೋಡುತ್ತದೆ. ಆದ್ದರಿಂದ ಎರಡು ಅಡ್ಡಪಟ್ಟಿಗಳನ್ನು ಬೋಲ್ಟ್ ಹಾಕಿ ಕೂಡಿಸಬೇಕು: ನೆಲಮಟ್ಟಕ್ಕಿಂತ ತುಸು ಕೆಳಗೆ ಕಂಬದ ಹಿಂಬದಿಗೆ ಒಂದು, ತಳದಲ್ಲಿ ಹೊಡೆಯುವವರ ಕಡೆಯ ಮುಖಕ್ಕೆ ಇನ್ನೊಂದು. ಎರಡನ್ನೂ ಒಂದೇ ಬದಿಗೆ ಹಾಕಿದರೆ ತಿಂಗಳೊಳಗೆ ಕಂಬ ಅಲ್ಲಾಡುತ್ತದೆ. ಮಣ್ಣೊಳಗೆ ಹೋಗುವ ಭಾಗಕ್ಕೆ ಡಾಂಬರು ಬಳಿದೆವು, ಇಲ್ಲವಾದರೆ ಗೆದ್ದಲು ಬಿಡುವುದಿಲ್ಲ.

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಒಂದು ಎಚ್ಚರಿಕೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ವಿಜಯಪುರದ ಗೆಳೆಯರು ಎರೆ ನೆಲದಲ್ಲಿ ನೇರವಾಗಿ ನೆಟ್ಟ ಕಂಬ ಏಪ್ರಿಲ್ ಹೊತ್ತಿಗೆ ಬಿರುಕಿನಲ್ಲಿ ವಾಲಿತ್ತು. ಅಂಥಲ್ಲಿ ಗುಂಡಿಯನ್ನು ಎರಡು ಅಡಿ ಚೌಕ ಅಗೆದು, ಎರೆ ಮಣ್ಣು ಪೂರ್ತಿ ತೆಗೆದು, ಗರಸು ಮತ್ತು ಖಡಿ ಕಲಸಿ ಅರ್ಧ ಅಡಿಗೊಂದು ಪದರದಂತೆ ಧಮ್ಮಸ್ ಮಾಡುತ್ತ ತುಂಬಬೇಕು. ಕಂಬವನ್ನು ನೇರ ಕಾಂಕ್ರೀಟಿನಲ್ಲಿ ಹೂತರೆ ಗಟ್ಟಿಯೇನೋ ಆಗುತ್ತದೆ, ಆದರೆ ಮುರಿದ ದಿನ ಬದಲಿಸಲು ಬರುವುದಿಲ್ಲ.

ತುದಿಗೆ ಸುತ್ತುವುದು ಓಕಿನಾವಾದಲ್ಲಿ ಭತ್ತದ ಹುಲ್ಲಿನ ಹಗ್ಗ. ಖಾನಾಪುರ ತಾಲೂಕಿನಲ್ಲಿ ಭತ್ತದ ಹುಲ್ಲಿಗೇನೂ ಬರವಿಲ್ಲ, ಒಂದು ರಾತ್ರಿ ನೀರು ಚಿಮುಕಿಸಿ ಮೆತ್ತಗೆ ಮಾಡಿ ಹೊಸೆದರೆ ಒಳ್ಳೆಯ ಮೆತ್ತೆಯಾಗುತ್ತದೆ. ಹೊಸೆಯಲು ಬಾರದವರಿಗೆ ಪುಂಡಿ ನಾರಿನ ಹಗ್ಗ ಸಾಕು. ಒಂದು ಅಡಿ ಉದ್ದಕ್ಕೆ ಸುತ್ತು ಸುತ್ತಿಗೆ ಬಿಗಿಯಾಗಿ ಒತ್ತಿ ಸುತ್ತಿ, ಗಂಟನ್ನು ಹಿಂಬದಿಗೆ ಹಾಕಿ. ನೈಲಾನ್ ಹಗ್ಗ ಮಾತ್ರ ಬೇಡವೇ ಬೇಡ, ಚರ್ಮ ಕಿತ್ತು ಬರುತ್ತದೆ.

ಇನ್ನು ಹೊಡೆಯುವುದು. ಮೊದಲ ತಿಂಗಳು ವಾರಕ್ಕೆ ಮೂರು ದಿನ, ಒಂದೊಂದು ಕೈಗೆ ಹತ್ತರಂತೆ ಎರಡು ಸುತ್ತು, ಅಷ್ಟೇ. ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು ಮಾತ್ರ ತಾಗಬೇಕು. ಮಣಿಕಟ್ಟು ಮೇಲಕ್ಕಾಗಲಿ ಕೆಳಕ್ಕಾಗಲಿ ಬಾಗಬಾರದು. ಮುಷ್ಟಿ ಹಗ್ಗಕ್ಕೆ ತಾಗುವಾಗ ಮೊಣಕೈ ಇನ್ನೂ ತುಸು ಮಡಚಿರಬೇಕು, ಅಲ್ಲಿಂದ ಸೊಂಟ ತಿರುಗಿ ಎರಡು ಇಂಚು ಒಳಕ್ಕೆ ತಳ್ಳಬೇಕು. ತಳ್ಳಿದ ಮೇಲೆ ಒಂದು ಕ್ಷಣ ಹಿಡಿದು, ಕಂಬ ವಾಪಸ್ ನೂಕುವುದನ್ನು ಹಿಮ್ಮಡಿಯವರೆಗೆ ತಾಳಬೇಕು. ಹಿಮ್ಮಡಿ ಎದ್ದರೆ ನಿಲುವು ತಪ್ಪಿದೆ ಎಂದರ್ಥ. ಆ ತಪ್ಪನ್ನು ಕಂಬ ಅಲ್ಲಿಯೇ ತೋರಿಸಿಕೊಡುತ್ತದೆ.

ಉಂಗುರಬೆರಳು, ಕಿರುಬೆರಳಿನ ಗೆಣ್ಣಿನ ಚರ್ಮ ಸುಲಿದಿದ್ದರೆ ಮಣಿಕಟ್ಟು ಹೊರಕ್ಕೆ ವಾಲುತ್ತಿದೆ. ಹಾಗೇ ಮುಂದುವರಿಸಿದರೆ ಕಿರುಬೆರಳಿನ ಬುಡದ ಅಂಗೈ ಮೂಳೆ ಮುರಿಯುವ ಅಪಾಯವಿದೆ. ಚರ್ಮ ಕಿತ್ತರೆ ಸೋಪು ನೀರಿನಿಂದ ತೊಳೆದು, ಪೂರ್ತಿ ಮಾಯುವವರೆಗೆ ಏಳೆಂಟು ದಿನ ಬಿಡಿ. ಹಗ್ಗಕ್ಕೆ ರಕ್ತ ಹತ್ತಿದರೆ ಆ ಹಗ್ಗ ಬದಲಿಸಿ, ಬೇರೆಯವರೂ ಅದಕ್ಕೇ ಹೊಡೆಯುತ್ತಾರೆ. ಟಿಟಿ ಇಂಜೆಕ್ಷನ್ ಬಾಕಿ ಇದ್ದರೆ ಹಾಕಿಸಿಕೊಳ್ಳಿ. ಬೆಳೆಯುವ ಮಕ್ಕಳಿಗೆ ಮಕಿವಾರ ಬೇಡ, ಕೈಮೂಳೆಗಳ ತುದಿ ಇನ್ನೂ ಎಳೆಯದಾಗಿರುತ್ತದೆ. ಗೆಣ್ಣು ದಪ್ಪ ಮಾಡಿಕೊಳ್ಳುವುದು ಗುರಿಯೇ ಅಲ್ಲ. ಎರಡನೇ ವರ್ಷದ ಕೊನೆಗೆ ನಾನು ದಿನಕ್ಕೆ ಕೈಗೆ ಐವತ್ತಕ್ಕೆ ಬಂದು ನಿಂತೆ. ಈಗಲೂ ಅಷ್ಟೇ.

ಚಿ ಇಶಿ ಅಂದರೆ ಒಂದು ತುದಿಯಲ್ಲಿ ಕಲ್ಲಿನ ಭಾರವಿರುವ ಕೋಲು. ಇದನ್ನು ಮನೆಯಲ್ಲೇ ಮಾಡಬಹುದು. ಅಂಗಡಿಯಲ್ಲಿ ಸಿಗುವ ಗುದ್ದಲಿ ಕಾವು ತಂದು 14 ಇಂಚಿಗೆ ಕತ್ತರಿಸಿ. ಒಂದು ತುದಿಗೆ ಮೂರಿಂಚಿನ ಆರು ಮೊಳೆಗಳನ್ನು ಎಲ್ಲ ದಿಕ್ಕಿಗೂ ಅರ್ಧ ಹೊರಚಾಚುವಂತೆ ಹೊಡೆಯಿರಿ. ಈ ಮೊಳೆಗಳೇ ಕಾಂಕ್ರೀಟನ್ನು ಹಿಡಿಯುವುದು. ಅಚ್ಚಿಗೆ ಬಣ್ಣದ ಖಾಲಿ ಡಬ್ಬಿ ಆಗುತ್ತದೆ. ಒಂದು ಲೀಟರ್ ಡಬ್ಬಿ ತುಂಬಿದರೆ ಸುಮಾರು 2.4 ಕೆಜಿ ಬರುತ್ತದೆ, ಶುರುವಿಗೆ ಅಷ್ಟು ಸಾಕು. ಗೌಂಡಿ ಹೇಳಿಕೊಟ್ಟ ಪ್ರಮಾಣ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಉಸುಕು, ಮೂರು ಪಾಲು ಸಣ್ಣ ಖಡಿ. ಕೋಲು ನಟ್ಟನಡುವೆ ನೆಟ್ಟಗೆ ನಿಲ್ಲುವಂತೆ ದಾರದಿಂದ ಕಟ್ಟಿಡಿ, ವಾಲಿದರೆ ಬೀಸುವಾಗ ಮಣಿಕಟ್ಟು ತಿರುಚುತ್ತದೆ. ಏಳು ದಿನ ಒದ್ದೆ ಗೋಣಿಚೀಲ ಹೊದಿಸಿ ನೀರು ಹಾಕಿ. ಪೂರ್ತಿ ಬಲ ಬರಲು 28 ದಿನ ಬೇಕು. ನಮ್ಮಲ್ಲೊಬ್ಬರು ಮೊಳೆ ಹೊಡೆಯದೆ ಹತ್ತೇ ದಿನಕ್ಕೆ ಎತ್ತಿ ಬೀಸಿದರು. ಬೇಸಿಗೆಗೆ ಒಣಗಿ ಸಣ್ಣದಾದ ಕೋಲು ಕಾಂಕ್ರೀಟಿನಿಂದ ಜಾರಿ, ಭಾರದ ಗುಂಡು ಅವರ ಕಾಲಿನಿಂದ ಒಂದು ಗೇಣು ಆಚೆ ಬಿತ್ತು.

ಶಿಕೋ ದಾಚಿಯಲ್ಲಿ, ಅಂದರೆ ಕಾಲು ಅಗಲಿಸಿ ಪಾದ 45 ಡಿಗ್ರಿ ಹೊರಕ್ಕೆ ತಿರುಗಿಸಿ ತೊಡೆ ಇಳಿಸಿ ಕೂತು, ಕೋಲನ್ನು ಹಿಡಿದು ಭಾರವನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸುವುದು, ಮುಂಗೈಯ ಮೇಲೆ ಇಳಿಸುವುದು, ತಲೆಯ ಹಿಂದಿನಿಂದ ಸುತ್ತಿ ತರುವುದು. ಮೊದಲು ಭಾರದ ಹತ್ತಿರ ಹಿಡಿಯಿರಿ, ಬಲ ಬಂದಂತೆ ಕೈಯನ್ನು ಕೋಲಿನ ತುದಿಯತ್ತ ಇಳಿಸುತ್ತ ಹೋಗಿ. ತೂಕ ಅದೇ, ಆದರೆ ಕೈಯಿಂದ ದೂರ ಹೋದಷ್ಟೂ ಹೊರೆ ಹೆಚ್ಚು. ಗರಡಿಯಲ್ಲಿ ಪಳಗಿದ ಉಸ್ತಾದರೊಬ್ಬರು ಇದನ್ನು ಕೈಯಲ್ಲಿ ಹಿಡಿದು ನೋಡಿ, "ಇದು ನಮ್ಮ ಕರೇಲಾನ ಬಿಡೋ, ಹಿಡಿಕಿ ಗಿಡ್ಡ ಐತಿ ಅಷ್ಟ" ಎಂದು ಎರಡು ಸುತ್ತು ಬೀಸಿದರು. ಮಣಿಕಟ್ಟು ಒಂದಿಷ್ಟೂ ಅಲುಗಲಿಲ್ಲ. ನಮ್ಮ ಕಡೆಯ ಕುಸ್ತಿ ಅಖಾಡಗಳ ಕರೇಲಾ, ಗದೆ, ಜಾತ್ರೆಯಲ್ಲಿ ಎತ್ತುವ ಸಂಗ್ರಾಣಿ ಕಲ್ಲು ಕಂಡವರಿಗೆ ಹೋಜೋ ಉಂಡೋ ಪರಕೀಯ ಅನ್ನಿಸುವುದೇ ಇಲ್ಲ. ಗರಡಿ ಹತ್ತಿರವಿದ್ದರೆ ಹೋಗಿ ಕರೇಲಾ ತಿರುಗಿಸುವುದನ್ನು ಕಲಿಯಿರಿ. ಭುಜದ ಕೀಲಿಗೆ ಅದರಷ್ಟು ಒಳ್ಳೆಯ ತಯಾರಿ ಬೇರೆ ನಾನು ಕಂಡಿಲ್ಲ.

ನಿಗಿರಿ ಗಾಮೆ ಹಿಡಿತದ ಗಡಿಗೆ. ಎರಡು ಗಡಿಗೆಗಳ ಬಾಯನ್ನು ಐದೂ ಬೆರಳ ತುದಿಯಿಂದ ಮೇಲಿನಿಂದ ಹಿಡಿದು ಸಾಂಚಿನ್ ಹೆಜ್ಜೆಯಲ್ಲಿ ನಡೆಯುವುದು. ಪೇಟೆಯಲ್ಲಿ ಸಿಗುವ ನೀರಿನ ಗಡಿಗೆ ತಂದು ಉಸುಕು ತುಂಬಿದೆವು. ಎಂಟನೇ ದಿನ ಕಂಠ ಮುರಿದು ಗಡಿಗೆ ಪಾದದ ಪಕ್ಕದಲ್ಲೇ ಒಡೆಯಿತು. ನೀರು ತಣ್ಣಗಾಗಲೆಂದು ಮಾಡಿದ ಗಡಿಗೆಯ ಗೋಡೆ ತೆಳು, ಈ ಕೆಲಸಕ್ಕೆ ಆಗುವುದಿಲ್ಲ. ಉಪ್ಪಿನಕಾಯಿ ಭರಣಿಯೂ ಬೇಡ, ಬೆವರಿಗೆ ಅದರ ಹೊಳಪಿನ ಮೇಲೆ ಬೆರಳು ಜಾರುತ್ತದೆ. ಕೊನೆಗೆ ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರಕ್ಕೆ ಹೋದೆವು. ಕುಂಬಾರಿಕೆಗೆ ಹೆಸರಾದ ಊರು, ಗ್ರಾಮೀಣ ಕುಂಬಾರಿಕೆಯ ತರಬೇತಿ ಕೇಂದ್ರವೂ ಅಲ್ಲಿದೆ. ಬಾಯಿಯ ಹೊರ ಅಳತೆ ನಾಲ್ಕು ಇಂಚು, ಅಂಚು ಬೆರಳಿನಷ್ಟು ದಪ್ಪವಾಗಿ ಹೊರಕ್ಕೆ ಮಡಚಿರಬೇಕು, ಎತ್ತರ ಒಂದು ಅಡಿಯೊಳಗೆ, ಗೋಡೆ ಅರ್ಧ ಇಂಚು ದಪ್ಪ ಎಂದು ಚಿತ್ರ ಬರೆದುಕೊಟ್ಟೆವು. ಮಳೆಗಾಲ, ಹಸಿ ಗಡಿಗೆ ಒಣಗುವುದಿಲ್ಲ, ಒಣಗದೆ ಸುಟ್ಟರೆ ಬಿರಿಯುತ್ತದೆ ಎಂದು ಕುಂಬಾರರು ಐದು ವಾರ ಕಾಯಿಸಿದರು. ಮಾಡಿಸುವವರು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೇಳಿ.

ಗಡಿಗೆ ಖಾಲಿ ಇರುವಾಗಲೇ ಶುರು ಮಾಡಿ. ಹದಿನೈದು ದಿನಕ್ಕೊಮ್ಮೆ ಅರ್ಧ ಕೆಜಿ ಉಸುಕು. ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ. ಭುಜ ಕಿವಿಯತ್ತ ಏರಿದರೆ ಅಲ್ಲಿಗೇ ನಿಲ್ಲಿಸಿ, ಭಾರ ಬೆರಳಿನಿಂದ ಕುತ್ತಿಗೆಗೆ ಹೋಗಿದೆ ಅಂತ ತಿಳಿಯಿರಿ. ಕೆಳಗಿಡುವಾಗ ಸಪ್ಪಳ ಬರಬಾರದು. ಮುಂಗೈ ಉರಿಯುತ್ತಿರುವಾಗ ಸಪ್ಪಳವಿಲ್ಲದೆ ಇಡುವುದೇ ಇದರ ಕಠಿಣ ಭಾಗ.

ಇಶಿ ಸಾಶಿ ಎಂಬ ಬೀಗದಾಕಾರದ ತೂಕಗಳನ್ನು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕ ಹೊಯ್ಸಬಹುದೆಂದು ವಿಚಾರಿಸಿದೆ. ಒಂದೇ ಜೋಡಿಗೆ ಪ್ಯಾಟರ್ನ್ ಮಾಡಿಸುವ ಖರ್ಚೇ ತೂಕದ ಬೆಲೆಗಿಂತ ಹೆಚ್ಚಾಗುತ್ತದೆ. ಜಿಮ್ಮಿನ ಕೆಟಲ್‌ಬೆಲ್ ಅದೇ ಕೆಲಸ ಮಾಡುತ್ತದೆ. ಕೊಂಗೊಕೆನ್ ಎಂಬ ದೊಡ್ಡ ಕಬ್ಬಿಣದ ಉಂಗುರ ಓಕಿನಾವಾದ್ದೇ ಅಲ್ಲ, ಮಿಯಾಗಿ 1934ರಲ್ಲಿ ಹವಾಯಿಗೆ ಹೋದಾಗ ಅಲ್ಲಿಯ ಕುಸ್ತಿಪಟುಗಳಲ್ಲಿ ನೋಡಿ ತಂದದ್ದು. ಶೋದಾನ್ ಮಟ್ಟಕ್ಕೆ ಅದು ಬೇಕಿಲ್ಲ.

ಕಟಾಗಳ ಕ್ರಮ ನಮ್ಮಲ್ಲಿ ಹೀಗಿತ್ತು: ಗೆಕಿಸಾಯ್ ಒಂದು, ಎರಡು, ಆಮೇಲೆ ಸೈಫಾ, ಸೆಯೂನ್‌ಚಿನ್, ಇವುಗಳ ಜೊತೆಗೆ ನಿರಂತರವಾಗಿ ಸಾಂಚಿನ್. ಗೆಕಿಸಾಯ್‌ಗಳನ್ನು ಮಿಯಾಗಿ 1940ರ ಸುಮಾರಿಗೆ ಹೊಸಬರಿಗೆ, ಶಾಲಾ ಮಕ್ಕಳಿಗೆ ಸುಲಭವಾಗಲೆಂದು ಕಟ್ಟಿದರು. ಸೆಯೂನ್‌ಚಿನ್‌ನಲ್ಲಿ ಒಂದೇ ಒಂದು ಒದೆತವಿಲ್ಲ, ಎಲ್ಲ ಹಿಡಿತ, ಎಳೆತ, ಇಳಿದ ನಿಲುವು. ಚಿ ಇಶಿ, ಗಡಿಗೆ ಏಕೆ ಬೇಕಿತ್ತು ಎನ್ನುವುದು ನನಗೆ ಈ ಕಟಾಗೆ ಬಂದ ಮೇಲೆ ಮೈಗೆ ತಿಳಿಯಿತು. ಎದುರಾಳಿಯ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆಯುವ ಬುಂಕೈ (ಕಟಾದ ಚಲನೆಯನ್ನು ಎದುರಾಳಿಯ ಮೇಲೆ ಬಳಸುವುದು) ಮಾಡುವಾಗ ಬೆರಳು ತಾವಾಗಿಯೇ ಗಡಿಗೆಯ ಅಂಚು ಹಿಡಿದ ಹಾಗೆ ಮುಚ್ಚಿಕೊಂಡವು.

ಈಗ ಕಾಗದಪತ್ರ. ಬ್ಲ್ಯಾಕ್ ಬೆಲ್ಟಿಗಿಂತ ಕೆಳಗಿನ ದರ್ಜೆಗಳಿಗೆ ಕ್ಯು ಎನ್ನುತ್ತಾರೆ. ಹತ್ತನೇ ಕ್ಯು ಇಂದ ಒಂದನೇ ಕ್ಯುವರೆಗೆ ಒಂಬತ್ತು ಪರೀಕ್ಷೆ. ಪ್ರತಿ ಪ್ರಮಾಣಪತ್ರವನ್ನೂ ಜೋಪಾನವಾಗಿಡಿ, ಫೋಟೋ ತೆಗೆದೂ ಇಡಿ. ಶೋದಾನ್ ಅರ್ಜಿಗೆ ಕೇಳಿದ್ದು ಇಷ್ಟು: ಕಂದು ಪಟ್ಟಿಯ ಮೂರೂ ಪ್ರಮಾಣಪತ್ರಗಳ ಮೂಲ, ಹಾಜರಿ ಮತ್ತು ಪರೀಕ್ಷೆ ದಾಖಲಾದ ಪುಸ್ತಕ, ಆಧಾರ್ ಪ್ರತಿ, ಜನ್ಮದಿನಾಂಕದ ದಾಖಲೆ, ನಾಲ್ಕು ಭಾವಚಿತ್ರ, ಎಂಬಿಬಿಎಸ್ ವೈದ್ಯರ ನೋಂದಣಿ ಸಂಖ್ಯೆ ಮತ್ತು ಮೊಹರು ಇರುವ ದೇಹದಾರ್ಢ್ಯ ಪತ್ರ, ಹೊಣೆಗಾರಿಕೆಯ ಒಪ್ಪಿಗೆ ಪತ್ರ. 18 ತುಂಬದವರಿಗೆ ತಂದೆ ಅಥವಾ ತಾಯಿಯ ಸಹಿ. 40 ದಾಟಿದವರಿಗೆ ಇಸಿಜಿಯನ್ನೂ ಕೇಳಿದರು.

ನನ್ನ ಅರ್ಜಿ ನಿಂತದ್ದು ಹೆಸರಿನ ಕಾಗುಣಿತಕ್ಕೆ. ನಮ್ಮ ಕಡೆ ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ, ನಡುವೆ ತಂದೆಯ ಹೆಸರು ಒಮ್ಮೆ ಪೂರ್ತಿ, ಒಮ್ಮೆ ಬರೀ ಅಕ್ಷರ. ಮೂರು ಕ್ಯು ಪತ್ರಗಳಲ್ಲಿ ನನ್ನ ಹೆಸರು ಮೂರು ಥರ ಇತ್ತು. ತಿದ್ದಿಸಿ ತರುವಷ್ಟರಲ್ಲಿ ಅರ್ಜಿಯ ಗಡುವು ದಾಟಿತು. ಹಿರಿಯ ಪರೀಕ್ಷಕರು ಬರುವುದು ವರ್ಷಕ್ಕೊಮ್ಮೆ. ಒಂದು ಅಕ್ಷರದ ಸಲುವಾಗಿ ಹನ್ನೊಂದು ತಿಂಗಳು ಕಾಯಬೇಕಾಯಿತು. ಆ ದಿನ ಮನೆಗೆ ಬಂದು ಊಟವೂ ಸೇರಲಿಲ್ಲ. ಮೊದಲ ಕ್ಯು ಅರ್ಜಿಯಿಂದಲೇ ಆಧಾರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಪ್ರಮಾಣಪತ್ರ ಕೈಗೆ ಬಂದ ದಿನವೇ ಓದಿ ನೋಡಿ.

ಶುಲ್ಕ ಎರಡು ಭಾಗದಲ್ಲಿರುತ್ತದೆ: ಇಲ್ಲಿಯ ಪರೀಕ್ಷಾ ಶುಲ್ಕ ಬೇರೆ, ಜಪಾನಿನ ಮುಖ್ಯ ಕೇಂದ್ರದ ನೋಂದಣಿ ಶುಲ್ಕ ಬೇರೆ. ಬಹಳ ಕಡೆ ಮೊದಲನೆಯದನ್ನು ಮಾತ್ರ ಹೇಳುತ್ತಾರೆ. ಎರಡಕ್ಕೂ ರಸೀದಿ ಪಡೆಯಿರಿ. ನನ್ನ ಒಟ್ಟು ಖರ್ಚು ಹೀಗಾಯಿತು. ತಿಂಗಳಿಗೆ 600ರಂತೆ 62 ತಿಂಗಳಿಗೆ 37,200. ಗೀ ಮೂರಕ್ಕೆ 4,550. ಕ್ಯು ಪರೀಕ್ಷೆಗಳಿಗೆ ಸುಮಾರು 7,000. ಮಕಿವಾರಕ್ಕೆ 1,300, ಚಿ ಇಶಿ ಎರಡಕ್ಕೆ 450, ಒಡೆದ ಜೋಡಿಯೂ ಸೇರಿ ಗಡಿಗೆಗಳಿಗೆ 1,050. ಶೋದಾನ್ ಪರೀಕ್ಷೆಗೆ 6,500, ನೋಂದಣಿಗೆ 9,000, ಬೆಂಗಳೂರಿಗೆ ಹೋಗಿ ಉಳಿದು ಬರಲು 3,800, ವೈದ್ಯರ ಪತ್ರಕ್ಕೆ 300. ಎಲ್ಲ ಕೂಡಿ 71 ಸಾವಿರ ದಾಟಿತು. ಸಂಘದಿಂದ ಸಂಘಕ್ಕೆ ಇದು ಬಹಳ ಬದಲಾಗುತ್ತದೆ. ಎಲ್ಲ ಸಲಕರಣೆಗಳಿಗೆ ಕೂಡಿ ಆದದ್ದು 2,800 ಮಾತ್ರ, ಅದನ್ನು ಗಮನಿಸಿ.

ಪರೀಕ್ಷೆ ಬೆಂಗಳೂರಿನಲ್ಲಿತ್ತು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ತಲುಪುತ್ತದೆ. ಅದೇ ದಿನ ಪರೀಕ್ಷೆಗೆ ಹೋಗಬೇಡಿ, ಒಂದು ದಿನ ಮುಂಚೆ ಹೋಗಿ ಕಾಲು ಸಡಿಲಿಸಿಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಹಾಜರಿರಲು ಹೇಳಿದ್ದರು. ಪ್ರಮಾಣಪತ್ರ ತಾಳೆ ನೋಡುವುದು ಮುಗಿದು ನಮ್ಮ ತಂಡದ ಸರದಿ ಬಂದಾಗ ಹನ್ನೊಂದೂ ಕಾಲು. ಅಷ್ಟು ಹೊತ್ತು ತಣ್ಣನೆ ನೆಲದ ಮೇಲೆ ಕೂತರೆ ಮೈ ಹೆಪ್ಪುಗಟ್ಟುತ್ತದೆ. ಎರಡು ಬಾಳೆಹಣ್ಣು, ನೀರು, ಗೀ ಮೇಲೆ ಹಾಕಲು ಸ್ವೆಟರ್ ಇಟ್ಟುಕೊಳ್ಳಿ.

ಮೊದಲು ಕಿಹೋನ್ (ಮೂಲ ಪಟ್ಟುಗಳ ಅಭ್ಯಾಸ) 50 ನಿಮಿಷ. ಮುಗಿದ ಕೂಡಲೇ, ಉಸಿರು ಇನ್ನೂ ಏರುಪೇರಾಗಿರುವಾಗ, ಸಾಂಚಿನ್ ಮಾಡಿಸಿದರು. ಇದು ಬೇಕಂತಲೇ ಮಾಡಿದ ಕ್ರಮ. ದಣಿದವನ ಉಸಿರು ಮೇಲೆದೆಗೆ ಏರಿರುತ್ತದೆ, ಅದನ್ನು ಕೆಳಹೊಟ್ಟೆಗೆ ಇಳಿಸಬಲ್ಲನೇ ಎಂದು ನೋಡುತ್ತಾರೆ. ನಮ್ಮ ತಂಡದ ಇಬ್ಬರಿಗೆ ಇಲ್ಲಿಯೇ ಅಂಕ ಹೋಯಿತು. ಅಭ್ಯಾಸ ಮಾಡುವಾಗ ಸಾಂಚಿನ್‌ಗೆ ತರಗತಿಯ ಶುರುವಿನ ಜೊತೆಗೆ ಕೊನೆಯಲ್ಲೂ ಸಮಯ ಕೊಡಿ. ಆಮೇಲೆ ಪರೀಕ್ಷಕರು ಹೇಳಿದ ಒಂದು ಗೆಕಿಸಾಯ್, ನಾವು ಆರಿಸಿದ ಒಂದು ಕಟಾ. ಸೈಫಾ ಚೆನ್ನಾಗಿ ಬರುತ್ತದೆ ಎಂದು ಸೆಯೂನ್‌ಚಿನ್ ಬಿಟ್ಟವರಿಗೂ ಆ ಬಿಟ್ಟ ಕಟಾವನ್ನೇ ಮಾಡಲು ಹೇಳಿದರು, ಆದ್ದರಿಂದ ಎಲ್ಲವೂ ತಯಾರಿರಲಿ. ಬುಂಕೈಯಲ್ಲಿ, ಈ ಚಲನೆ ಯಾವುದಕ್ಕೆ ಎಂದು ಜೊತೆಗಾರನ ಮೇಲೆ ಮಾಡಿ ತೋರಿಸಬೇಕು, ಬಾಯಲ್ಲಿ ಹೇಳಿದರೆ ಸಾಲದು. ಹತ್ತು ಸುತ್ತು ಕುಮಿಟೆ, ಒಂದೊಂದು ಒಂದೂವರೆ ನಿಮಿಷ. ಕೊನೆಗೆ ಇಪ್ಪತ್ತು ಪ್ರಶ್ನೆಗಳ ಬರವಣಿಗೆ. ಬೆವರಿದ ಕೈಯಲ್ಲಿ ಪೆನ್ನು ಹಿಡಿಯುವುದೂ ಕಷ್ಟ, ಒಂದು ಕರವಸ್ತ್ರ ಇರಲಿ.

ಫಲಿತಾಂಶ ಅಂದೇ ಸಂಜೆ ಹೇಳಿದರು. ಪಟ್ಟಿಯನ್ನು ಮಾತ್ರ ಕೊಡಲಿಲ್ಲ, ಪ್ರಮಾಣಪತ್ರ ಬಂದ ಮೇಲೆಯೇ ಕಟ್ಟಬೇಕು ಎಂದರು. ಕೆಲವು ಸಂಘಗಳಲ್ಲಿ ಅಂದೇ ಕೊಡುತ್ತಾರೆ, ಮೊದಲೇ ಕೇಳಿಕೊಳ್ಳಿ. ಏಳು ತಿಂಗಳು ನಾನು ಕಂದು ಪಟ್ಟಿಯಲ್ಲೇ ತರಗತಿಗೆ ಹೋದೆ. ಡಾನ್, ಅಂದರೆ ಬ್ಲ್ಯಾಕ್ ಬೆಲ್ಟಿನ ದರ್ಜೆ, ಕರಾಟೆಗೆ ಜೂಡೋದಿಂದ ಬಂದದ್ದು, ಶೋಟೊಕಾನ್ ಶೈಲಿಯ ಗುರು ಫುನಾಕೋಶಿ ಮೊದಲ ಸಲ ಶಿಷ್ಯರಿಗೆ ಅದನ್ನು ಕೊಟ್ಟದ್ದು 1924ರಲ್ಲಿ. ಮಿಯಾಗಿ ಯಾರಿಗೂ ಡಾನ್ ಕೊಡಲಿಲ್ಲ. ಈ ವಿಷಯ ಗೊತ್ತಿದ್ದದ್ದು ಕಾಯುವ ದಿನಗಳನ್ನು ಹಗುರ ಮಾಡಿತು.

ಪ್ರಮಾಣಪತ್ರ ಬಂದಾಗ ಹೆಸರು, ನೋಂದಣಿ ಸಂಖ್ಯೆ, ದಿನಾಂಕ ಮೂರನ್ನೂ ಅಲ್ಲೇ ನೋಡಿ, ತಪ್ಪಿದ್ದರೆ ಮರುಮುದ್ರಣಕ್ಕೆ ಮತ್ತೆ ಹಣ ಮತ್ತು ತಿಂಗಳುಗಟ್ಟಲೆ ಸಮಯ ಬೇಕು. ಲ್ಯಾಮಿನೇಷನ್ ಮಾಡಿಸಬೇಡಿ. ಕಾಗದಕ್ಕೆ ಕುಂಚದ ಬರಹ, ಮುದ್ರೆ ಇದ್ದರೆ ಬಿಸಿಗೆ ಕೆಡುತ್ತದೆ. ಗಾಜಿನ ಕಟ್ಟು ಹಾಕಿಸಿ.

ಈಗ ಮಳೆ ಹಿಡಿದಿದೆ. ಮಕಿವಾರದ ಹಗ್ಗ ಬಿಚ್ಚಿ ಒಳಗೆ ಒಣಗಿಸಲು ಹಾಕಿದ್ದೇನೆ, ಕಂಬಕ್ಕೆ ತಾಡಪತ್ರಿ ಕಟ್ಟಿದೆ. ಒದ್ದೆ ಹಗ್ಗಕ್ಕೆ ಹೊಡೆದರೆ ಒಂದೇ ದಿನಕ್ಕೆ ಚರ್ಮ ಕಿತ್ತು ಬರುತ್ತದೆ, ಬೂಷ್ಟೂ ಹಿಡಿಯುತ್ತದೆ. ಅಕ್ಟೋಬರ್‌ನಲ್ಲಿ ಖಾನಾಪುರದಿಂದ ಹೊಸ ಭತ್ತದ ಹುಲ್ಲು ಬಂದ ಮೇಲೆ ಹೊಸ ಹಗ್ಗ ಹೊಸೆಯಬೇಕು. ಅಲ್ಲಿಯವರೆಗೆ ಗಡಿಗೆ ಮತ್ತು ಸಾಂಚಿನ್.